‘ಅಕಿರಾ’ ಕಣ್ಣು ತುಂಬುತ್ತದೆ, ಕಥೆ ಯಾಕೆ ಕೈಗೆ ಸಿಗುವುದಿಲ್ಲ?

ಜಪಾನಿನ ಅನಿಮೆ, ಅಂದರೆ ಚಿತ್ರ ಬರೆದು ಮಾಡಿದ ಸಿನಿಮಾ ‘ಅಕಿರಾ’ ನೋಡಿದವರನ್ನು ಹೇಗಿತ್ತು ಎಂದು ಕೇಳಿ. ಉತ್ತರದ ಮೊದಲರ್ಧ ಎಲ್ಲರದೂ ಒಂದೇ. ಇಷ್ಟೆಲ್ಲ ಕೈಯಲ್ಲೇ ಬರೆದಿದ್ದಾರೆ ಅಂದರೆ ನಂಬುವುದಕ್ಕಾಗುವುದಿಲ್ಲ. ಆ ಊರು, ಆ ಬೆಳಕು, ಆ ಕೆಂಪು ಬೈಕು ಕಣ್ಣಿನಿಂದ ಹೋಗುವುದಿಲ್ಲ. ಆಮೇಲೆ ‘ಆದರೆ’ ಬರುತ್ತದೆ. ಆದರೆ ಕಥೆ ಅರ್ಥವಾಗಲಿಲ್ಲ. ಆದರೆ ಯಾರ ಮೇಲೂ ಮನಸ್ಸು ನಿಲ್ಲಲಿಲ್ಲ. ಆದರೆ ಕೊನೆಯ ಭಾಗ ಹೊಟ್ಟೆ ತೊಳಸಿತು. ಮತ್ತೆ ಕೆಲವರಿಗೆ ಈ ‘ಆದರೆ’ ಇಲ್ಲವೇ ಇಲ್ಲ, ಅವರು ನೋಡಿದ್ದರಲ್ಲಿ ಇದಕ್ಕಿಂತ ದೊಡ್ಡ ಸಿನಿಮಾ ಇನ್ನೊಂದಿಲ್ಲ. 1988ರ ಜುಲೈ 16ರಂದು ಜಪಾನಿನಲ್ಲಿ ತೆರೆಕಂಡ, ಕತ್ಸುಹಿರೊ ಒತೊಮೊ ನಿರ್ದೇಶಿಸಿದ ಈ 124 ನಿಮಿಷಗಳ ಚಿತ್ರದ ಬಗ್ಗೆ ಇಷ್ಟು ವರ್ಷ ಕಳೆದರೂ ನೋಡುಗರು ಒಂದು ಮಾತಿಗೆ ಬಂದಿಲ್ಲ.

ಅವರವರ ರುಚಿ ಎಂದು ಇದನ್ನು ಬಿಟ್ಟುಬಿಡಬಹುದು. ನನಗೆ ಹಾಗೆ ಬಿಡಲು ಮನಸ್ಸಿಲ್ಲ. ಈ ಭಿನ್ನಾಭಿಪ್ರಾಯಕ್ಕೆ ಕಾರಣಗಳಿವೆ, ಅವು ಸಿನಿಮಾ ತಯಾರಾದ ರೀತಿಯಲ್ಲೇ ಇವೆ. ಈಚೆಗೆ ಮೈಸೂರಿನ ಸರಸ್ವತಿಪುರಂನಲ್ಲಿ ಸ್ನೇಹಿತರ ಮನೆಯ ಹಾಲಿನಲ್ಲಿ ಪ್ರೊಜೆಕ್ಟರ್ ಹಾಕಿ ಕೆಲವರು ಒಟ್ಟಿಗೆ ಕೂತು ನೋಡಿದಾಗ ಅದು ನನಗೆ ಸ್ಪಷ್ಟವಾಯಿತು. ಅಲ್ಲಿ ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದಿ, ಈಗ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರೊಬ್ಬರಿದ್ದರು. ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳಿದ್ದಳು, ಅನಿಮೆ ಅಂದರೆ ಅವಳಿಗೆ ಪ್ರಾಣ. ಮಂಡ್ಯ ಕಡೆಯ ಹಳ್ಳಿಯಿಂದ ಬಂದಿದ್ದ ಅವಳ ಸೋದರಮಾವ ಇದ್ದರು. ಹಬ್ಬ ಜಾತ್ರೆಗಳಲ್ಲಿ ‘ಕುರುಕ್ಷೇತ್ರ’ ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡುವವರು ಅವರು. ಸಿನಿಮಾ ಮುಗಿದಾಗ ಮೇಷ್ಟ್ರು ಬೆರಗಿನಲ್ಲಿ ಮಾತಿಲ್ಲದೆ ಕೂತಿದ್ದರು. ಹುಡುಗಿ ಸಿಟ್ಟಾಗಿದ್ದಳು, ಅವಳ ಸಿಟ್ಟಿನ ವಿಷಯ ಆಮೇಲೆ ಹೇಳುತ್ತೇನೆ. ಮಾವ ಹೇಳಿದ್ದು ಇಷ್ಟು: ‘ಬಣ್ಣ ಏನೋ ಬಾಳ ಚೆಂದಾಗದೆ ಕಣವ್ವ. ಆದ್ರೆ ಆ ಹೈದ ಯಾಕಂಗಾದ ಅಂತ ಒಂದ್ಸಲನಾದ್ರೂ ಬಾಯ್ಬಿಟ್ಟು ಹೇಳ್ಬೇಕಾಗಿತ್ತು.’

ನೋಡಿಲ್ಲದವರಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. ಕೊನೆಯವರೆಗೂ ಹೇಳದೆ ಈ ಚರ್ಚೆ ಸಾಧ್ಯವಿಲ್ಲ.

1988ರಲ್ಲಿ ಟೋಕಿಯೊ ನಗರದ ನಡುವೆ ಬಿಳಿ ಬೆಳಕಿನ ಗುಮ್ಮಟವೊಂದು ಸದ್ದಿಲ್ಲದೆ ಎದ್ದು ಊರನ್ನೇ ನುಂಗುತ್ತದೆ. ಮೂರನೇ ಮಹಾಯುದ್ಧ ನಡೆದುಹೋಗುತ್ತದೆ. ಕಥೆ ನಡೆಯುವುದು ಅದಾಗಿ 31 ವರ್ಷದ ಮೇಲೆ, 2019ರಲ್ಲಿ, ಟೋಕಿಯೊ ಕೊಲ್ಲಿಯಲ್ಲಿ ಹೊಸದಾಗಿ ಕಟ್ಟಿದ ನಿಯೊ ಟೋಕಿಯೊದಲ್ಲಿ. ಕನೆದಾ ಎಂಬ ಹುಡುಗ ಬೈಕ್ ಗ್ಯಾಂಗಿನ ನಾಯಕ. ಅನಾಥಾಲಯದಲ್ಲಿ ಅವನ ಜೊತೆ ಬೆಳೆದ ಟೆಟ್ಸುವೊ ಅದೇ ಗ್ಯಾಂಗಿನಲ್ಲಿದ್ದರೂ ಯಾವಾಗಲೂ ಒಂದು ಹೆಜ್ಜೆ ಹಿಂದೆ, ಯಾವಾಗಲೂ ಕನೆದಾನ ರಕ್ಷಣೆಯಲ್ಲಿ. ಒಂದು ರಾತ್ರಿ ಟೆಟ್ಸುವೊನ ಬೈಕಿಗೆ ಒಂದು ಮಗು ಅಡ್ಡ ಬರುತ್ತದೆ. ಮೈ ಮಗುವಿನದು, ಮುಖ ಮುದುಕನದು. ಸೈನ್ಯದ ಗುಪ್ತ ಪ್ರಯೋಗಾಲಯದಿಂದ ತಪ್ಪಿಸಿಕೊಂಡ ಮಗು ಅದು. ಸೈನ್ಯ ಟೆಟ್ಸುವೊನನ್ನೂ ಎತ್ತಿಕೊಂಡು ಹೋಗುತ್ತದೆ, ಅವನ ಮೇಲೂ ಪ್ರಯೋಗ ನಡೆಯುತ್ತದೆ. ಅವನೊಳಗೆ ಮಲಗಿದ್ದ ಶಕ್ತಿಯೊಂದು ಏಳುತ್ತದೆ. ಮನಸ್ಸಿನಿಂದಲೇ ಗೋಡೆ ಒಡೆಯುವ, ಟ್ಯಾಂಕು ನಿಲ್ಲಿಸುವ ಶಕ್ತಿ. ಟೋಕಿಯೊವನ್ನು ಸುಟ್ಟದ್ದು ಬಾಂಬಲ್ಲ, ಇಂಥದ್ದೇ ಶಕ್ತಿಯಿದ್ದ ಅಕಿರಾ ಎಂಬ ಹುಡುಗ. ಅವನನ್ನು ಒಲಿಂಪಿಕ್ಸ್ ಕ್ರೀಡಾಂಗಣದ ಜಾಗದ ಕೆಳಗೆ ಮಂಜುಗಟ್ಟಿದ ಕೋಣೆಯಲ್ಲಿ ಇಟ್ಟಿದ್ದಾರೆ. ಟೆಟ್ಸುವೊ ಅಲ್ಲಿಗೆ ಹೋಗಿ ಬಾಗಿಲು ಒಡೆದರೆ ಸಿಗುವುದು ಹುಡುಗನಲ್ಲ, ಪರೀಕ್ಷೆಗಾಗಿ ಕತ್ತರಿಸಿ ಗಾಜಿನ ಜಾಡಿಗಳಲ್ಲಿ ತುಂಬಿಟ್ಟ ಅಂಗಾಂಗಗಳು. ಕೊನೆಗೆ ಟೆಟ್ಸುವೊನ ಮೈ ಅವನ ಹತೋಟಿ ಮೀರಿ ಊದಿ, ಕ್ರೀಡಾಂಗಣವನ್ನೇ ತುಂಬುವ ಮಾಂಸದ ರಾಶಿಯಾಗುತ್ತದೆ. ಪ್ರಯೋಗಾಲಯದ ಮೂವರು ಮಕ್ಕಳು ಅಕಿರಾನನ್ನು ಕರೆಯುತ್ತಾರೆ, ಮತ್ತೆ ಅದೇ ಬಿಳಿ ಬೆಳಕು ಏಳುತ್ತದೆ, ಟೆಟ್ಸುವೊ ಅದರೊಳಗೆ ಹೋಗುತ್ತಾನೆ. ಕನೆದಾ ಉಳಿಯುತ್ತಾನೆ.

ಇದರ ನಡುವೆ ಒಬ್ಬ ಕರ್ನಲ್, ಅವನು ನಡೆಸುವ ಸೈನಿಕ ಕ್ರಾಂತಿ, ಕ್ರಾಂತಿಕಾರಿಗಳ ಗುಂಪು, ಅವರಿಗೆ ಒಳಗಿಂದೊಳಗೆ ನೆರವಾಗುವ ರಾಜಕಾರಣಿ, ಪ್ರಳಯ ಸಾರುವ ಪಂಥ, ಆಕಾಶದಲ್ಲಿ ಲೇಸರ್ ಹೊತ್ತ ಉಪಗ್ರಹ. ಎರಡು ಗಂಟೆಯಲ್ಲಿ ಇಷ್ಟೂ.

ಮೊದಲು ಬರೆದ ಚಿತ್ರಗಳ ವಿಷಯ, ಯಾಕೆಂದರೆ ಅವನ್ನು ಹೊಗಳುವವರೂ ಬಹಳ ಸಲ ಯಾಕೆ ಹೊಗಳುತ್ತಿದ್ದೇವೆ ಎಂದು ಹೇಳುವುದಿಲ್ಲ. ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮು, ಒಂದರ ಹಿಂದೊಂದು ಬರುವ ನಿಶ್ಚಲ ಪಟಗಳು. 124 ನಿಮಿಷಕ್ಕೆ ಲೆಕ್ಕ ಹಾಕಿದರೆ 1,78,560 ಫ್ರೇಮು. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬರೆಯುವುದು ಯಾರಿಗೂ ಪೂರೈಸುವ ಕೆಲಸವಲ್ಲ. ಜಪಾನಿನಲ್ಲಿ 1963ರಿಂದ ವಾರವಾರ ಟಿವಿ ಅನಿಮೆ ಬರತೊಡಗಿದಾಗ ಅವರೊಂದು ಉಪಾಯ ಕಂಡುಕೊಂಡರು. ಒಂದೇ ಚಿತ್ರವನ್ನು ಮೂರು ಫ್ರೇಮಿನವರೆಗೆ ಹಿಡಿಯುವುದು, ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ಮಾತಾಡುವಾಗ ಬಾಯಿ ಮಾತ್ರ ಅಲ್ಲಾಡಿಸುವುದು, ಮೈ ನಿಂತಲ್ಲೇ ನಿಲ್ಲಿಸುವುದು. ಈ ಮಿತವ್ಯಯದಿಂದಲೇ ಅನಿಮೆಗೆ ತನ್ನದೇ ಆದ ಶೈಲಿ ಬಂತು, ಅದನ್ನು ಕಡೆಗಣಿಸುವ ಹಾಗಿಲ್ಲ. ‘ಅಕಿರಾ’ ಮಾತ್ರ ಆ ದಾರಿ ಬಿಟ್ಟಿತು. ಮುಖ್ಯ ದೃಶ್ಯಗಳಲ್ಲಿ ಎರಡು ಫ್ರೇಮಿಗೊಂದು, ಎಷ್ಟೋ ಕಡೆ ಪ್ರತಿ ಫ್ರೇಮಿಗೂ ಒಂದು ಹೊಸ ಚಿತ್ರ. ಬಳಸಿದ ಸೆಲ್ ಹಾಳೆಗಳು, ಅಂದರೆ ಚಿತ್ರ ಬರೆದು ಬಣ್ಣ ತುಂಬುವ ಪಾರದರ್ಶಕ ಹಾಳೆಗಳು, 1,60,000ಕ್ಕೂ ಹೆಚ್ಚು.

ಬೈಕಿನ ಆ ಪ್ರಸಿದ್ಧ ದೃಶ್ಯವನ್ನು ಮೇಷ್ಟ್ರು ರಿಮೋಟ್ ಹಿಡಿದು ಫ್ರೇಮ್ ಫ್ರೇಮಾಗಿ ತೋರಿಸಿದರು. ವೇಗವಾಗಿ ಬಂದ ಕನೆದಾ ಬೈಕನ್ನು ಅಡ್ಡಡ್ಡ ತಿರುಗಿಸಿ, ರಸ್ತೆಯ ಮೇಲೆ ಜಾರಿಸುತ್ತ ನಿಲ್ಲಿಸುತ್ತಾನೆ. ನೋಡುವಾಗ ಅರೆಕ್ಷಣ. ನಿಲ್ಲಿಸಿ ನೋಡಿದರೆ ಟೈರಿನಿಂದ ಏಳುವ ಹೊಗೆಗೆ ಪ್ರತಿ ಚಿತ್ರದಲ್ಲೂ ಬೇರೆಯದೇ ಆಕಾರ. ರಸ್ತೆಗೆ ತಾಗಿಸಿದ ಕಾಲಿನ ಮೇಲೆ ಮೈಯ ಭಾರ ಸರಿಯುವುದು ಕಾಣುತ್ತದೆ. ಚಕ್ರದ ಸುತ್ತ ವಿದ್ಯುತ್ತಿನ ಕಿಡಿ ಹರಿದು ಆರುತ್ತದೆ. ‘ಇಲ್ಲಿ ಯಾರೂ ಕೈ ಎಳೆದಿಲ್ಲ ನೋಡಿ’ ಅಂದರು ಮೇಷ್ಟ್ರು. ಆಮೇಲೆ ಬಂದ ಅನಿಮೇಶನ್‌ಗಳಲ್ಲಿ ಈ ಒಂದು ನಿಲುಗಡೆಯನ್ನು ಎಷ್ಟು ಮಂದಿ ತಮ್ಮದಾಗಿಸಿಕೊಂಡಿದ್ದಾರೆಂದರೆ, ಮೂಲ ನೋಡದವರಿಗೂ ಅದು ಪರಿಚಿತ. ಇದೂ ಅಭಿಪ್ರಾಯಭೇದಕ್ಕೆ ಒಂದು ಕಾರಣ. ಇಪ್ಪತ್ತು ವರ್ಷದವರು ಇಂದು ‘ಅಕಿರಾ’ ನೋಡುವ ಹೊತ್ತಿಗೆ ಅದರ ಮಕ್ಕಳು ಮೊಮ್ಮಕ್ಕಳನ್ನೆಲ್ಲ ನೋಡಿ ಮುಗಿಸಿರುತ್ತಾರೆ. ಹೊಸದಾಗಿದ್ದದ್ದೇ ಅವರಿಗೆ ಹಳೆಯದಾಗಿ ಕಾಣುತ್ತದೆ.

ಬಣ್ಣದ ಕಥೆಯೂ ದೊಡ್ಡದು. ಸೆಲ್ ಹಾಳೆಗೆ ಬಳಿಯುವ ಬಣ್ಣಗಳು ಮೊದಲೇ ತಯಾರಾಗಿ, ನಂಬರು ಹಾಕಿಸಿಕೊಂಡು ಡಬ್ಬಿಯಲ್ಲಿರುತ್ತವೆ. ಹೊಸ ಛಾಯೆ ಬೇಕೆಂದರೆ ಅದನ್ನು ಬೇರೆಯಾಗಿ ಕಲಸಬೇಕು. ಹಾಗಾಗಿ ರಾತ್ರಿಯ ದೃಶ್ಯವೆಂದರೆ ಕಷ್ಟ, ಖರ್ಚು. ‘ಅಕಿರಾ’ದ ದೊಡ್ಡ ಪಾಲು ನಡೆಯುವುದೇ ರಾತ್ರಿಯಲ್ಲಿ, ಅದೂ ಒಂದೇ ರಾತ್ರಿಯಲ್ಲ, ನಿಯಾನ್ ಬೋರ್ಡಿನ ರಾತ್ರಿ, ಬೆಂಕಿಯ ರಾತ್ರಿ, ಆಸ್ಪತ್ರೆಯ ಟ್ಯೂಬ್‌ಲೈಟಿನ ರಾತ್ರಿ. ಒಟ್ಟು 327 ಬಣ್ಣ ಬಳಸಿದರು, ಅದರಲ್ಲಿ 50 ಈ ಸಿನಿಮಾಕ್ಕೆಂದೇ ತಯಾರಿಸಿದವು. ಬೈಕುಗಳು ಮುಂದೆ ಹೋದ ಮೇಲೂ ಹಿಂದಿನ ದೀಪದ ಕೆಂಪು ಗೆರೆ ಕತ್ತಲಲ್ಲಿ ಒಂದು ಕ್ಷಣ ಉಳಿಯುತ್ತದಲ್ಲ, ಆ ಗೆರೆ ನೋಡಲೆಂದೇ ಈ ಸಿನಿಮಾವನ್ನು ದೊಡ್ಡ ಪರದೆಯಲ್ಲಿ ನೋಡಬೇಕು. ಮೊಬೈಲಿನಲ್ಲಿ ನೋಡಿದವರು ‘ಅಂಥದ್ದೇನಿದೆ?’ ಅಂದರೆ ಅವರ ತಪ್ಪಲ್ಲ, ಅವರಿಗೆ ಕಾಣಬೇಕಾದ್ದು ಕಂಡಿಲ್ಲ.

ಇನ್ನೊಂದು ಅಪರೂಪ ಧ್ವನಿಯದು. ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಮುಗಿದ ಮೇಲೆ ಕಲಾವಿದರು ಮೈಕಿನ ಮುಂದೆ ನಿಂತು ಮಾತು ತುಂಬುತ್ತಾರೆ. ಇಲ್ಲಿ ಬಹುಪಾಲು ಮಾತನ್ನು ಮೊದಲು ರೆಕಾರ್ಡ್ ಮಾಡಿ, ಅದಕ್ಕೆ ತಕ್ಕಂತೆ ತುಟಿಯ ಚಲನೆ ಬರೆದರು. ಸಂಗೀತ ಗೆಯ್ನೊ ಯಮಾಶಿರೊಗುಮಿ ಎಂಬ ತಂಡದ್ದು. ವೈದ್ಯರು, ಎಂಜಿನಿಯರುಗಳು, ವಿದ್ಯಾರ್ಥಿಗಳು ಹೀಗೆ ಬೇರೆ ಬೇರೆ ಕಸುಬಿನ ನೂರಾರು ಮಂದಿ ಸೇರಿ ಹಾಡುವ, ಬಾರಿಸುವ ತಂಡ. ಇಂಡೋನೇಷ್ಯಾದ ಗಮೆಲಾನ್ ಎಂಬ ತಾಳವಾದ್ಯ ಮೇಳ, ಬಾಲಿಯ ಬಿದಿರಿನ ವಾದ್ಯ, ಜಪಾನಿನ ನೋ ರಂಗಭೂಮಿಯ ಗಾಯನ, ಬೌದ್ಧ ಮಂತ್ರಪಠಣ ಎಲ್ಲ ಅದರಲ್ಲಿವೆ. ಭವಿಷ್ಯದ ಕಥೆ ಅಂದರೆ ಸಿಂಥಸೈಜರ್ ಒಂದನ್ನೇ ನಿರೀಕ್ಷಿಸುವ ಕಿವಿಗೆ ಇದು ಬೇರೆಯೇ ಲೋಕ. ಮಾವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಬಂತು? 1980ರ ದಶಕದ ಕೊನೆಯಲ್ಲಿ ಜಪಾನಿನ ಆರ್ಥಿಕತೆ ಉಬ್ಬಿ ಹೋಗಿತ್ತು. ಪ್ರಕಾಶಕರಾದ ಕೊಡಾನ್ಶಾ, ಬೊಂಬೆ ತಯಾರಿಸುವ ಬಂಡಾಯ್, ವಿತರಕರಾದ ತೊಹೊ, ಜೊತೆಗೆ ಟಿವಿ, ಜಾಹೀರಾತು, ಲೇಸರ್ ಡಿಸ್ಕ್ ಕಂಪನಿಗಳು ಸೇರಿ ‘ಅಕಿರಾ ಸಮಿತಿ’ ಎಂದು ಮಾಡಿಕೊಂಡು ದುಡ್ಡು ಹಾಕಿದವು. ಮೂರ್ನಾಲ್ಕು ವರ್ಷ ತಡವಾಗಿದ್ದರೆ ಆ ಗುಳ್ಳೆ ಒಡೆದಿರುತ್ತಿತ್ತು.

ಈಗ ಕಥೆಗೆ ಬರೋಣ. ಚಿತ್ರ ಚೆಂದ, ಕಥೆ ಗೊಂದಲ ಎನ್ನುವವರು ಚಿತ್ರ ಬೇರೆ, ಕಥೆ ಬೇರೆ ಎಂದುಕೊಂಡು ನೋಡುತ್ತಾರೆ. ನನ್ನ ತಕರಾರು ಅಲ್ಲೇ. ಈ ಸಿನಿಮಾದಲ್ಲಿ ಕಥೆಯ ಅರ್ಧವನ್ನು ಮಾತಿನಲ್ಲಿ ಹೇಳದೆ ಬಣ್ಣದಲ್ಲಿ, ಆಕಾರದಲ್ಲಿ ಹೇಳಿದ್ದಾರೆ. ಸಬ್‌ಟೈಟಲ್ ಓದುತ್ತ ಕೂತವರಿಗೆ ಅದು ತಪ್ಪಿಹೋಗುತ್ತದೆ.

ನಾನಿದನ್ನು ಕಲಿತದ್ದು ಮಾವನಿಂದ. ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಅವರು ಓದಲಾರರು. ಸೊಸೆ ನಡುನಡುವೆ ನಿಲ್ಲಿಸಿ ಹೇಳುತ್ತಿದ್ದಳು, ಮಿಕ್ಕಂತೆ ಅವರು ಚಿತ್ರವನ್ನೇ ನೋಡುತ್ತಿದ್ದರು. ಟೆಟ್ಸುವೊ ಶಕ್ತಿ ತಲೆಗೇರಿ, ಕೆಂಪು ಬಟ್ಟೆಯೊಂದನ್ನು ಹೆಗಲಿಗೆ ಕಟ್ಟಿಕೊಂಡು ಬೀದಿಯಲ್ಲಿ ನಡೆಯತೊಡಗುತ್ತಾನೆ, ಹಿಂದೆ ಅಕಿರಾ ಬಂದನೆಂದು ನಂಬಿದ ಜನ. ಆಗ ಮಾವ ತಟ್ಟನೆ ಹೇಳಿದರು: ‘ನೋಡವ್ವ, ಈಗ ರಾಜನ ಯಾಸ ಕಟ್ಕಂಡ. ಅವನ ಗಾಡಿ ಬಣ್ಣಾನೇ ಇವ್ನು ಮೈಗ್ ಹಾಕ್ಕಂಡವ್ನೆ.’

ಎಷ್ಟು ಸರಿ! ಸಿನಿಮಾದ ಶುರುವಿನಲ್ಲೇ ಟೆಟ್ಸುವೊ ಕನೆದಾನ ಕೆಂಪು ಬೈಕಿನ ಹತ್ತಿರ ಇರುತ್ತಾನೆ. ಇದು ನಿನ್ನ ಕೈಗೆ ಬಗ್ಗುವ ಗಾಡಿಯಲ್ಲ ಎಂಬರ್ಥದ ಮಾತು ಕನೆದಾನಿಂದ ಬರುತ್ತದೆ. ಕನೆದಾನ ಜಾಕೆಟ್ಟೂ ಕೆಂಪು. ಆಸ್ಪತ್ರೆಯಿಂದ ತಪ್ಪಿಸಿಕೊಂಡ ಟೆಟ್ಸುವೊ ಮಾಡುವ ಮೊದಲ ಕೆಲಸಗಳಲ್ಲಿ ಒಂದು ಆ ಬೈಕನ್ನು ಕದಿಯುವುದು. ಅದನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಾಗದೆ ಎದುರು ಗ್ಯಾಂಗಿನವರ ಕೈಗೆ ಸಿಗುತ್ತಾನೆ, ಮತ್ತೆ ಕನೆದಾನೇ ಬಂದು ಬಿಡಿಸಬೇಕಾಗುತ್ತದೆ. ಆಗ ಅವನಿಗೆ ಬರುವ ಸಿಟ್ಟು ಹೊಡೆದವರ ಮೇಲಿನದಕ್ಕಿಂತ ಕಾಪಾಡಿದವನ ಮೇಲೇ ಹೆಚ್ಚು. ಶಕ್ತಿ ಬಂದ ಮೇಲೆ ಆ ಕೆಂಪು ಅವನ ಹೆಗಲೇರುತ್ತದೆ. ಹುಡುಗ ಯಾಕೆ ಹಾಗಾದ ಎಂದು ಮಾವನೇ ಆಮೇಲೆ ಕೇಳಿದರಲ್ಲ, ಅದಕ್ಕೆ ಉತ್ತರವನ್ನು ಅವರೇ ಮೊದಲು ಕಂಡಿದ್ದರು. ಚಿಕ್ಕಂದಿನಿಂದ ಒಬ್ಬನ ನೆರಳಲ್ಲಿ ಬೆಳೆದವನ ಕೈಗೆ ಒಂದೇ ದಿನ ಎಲ್ಲರನ್ನೂ ಮೀರಿಸುವ ಬಲ ಸಿಕ್ಕಿದೆ. ಉಪಗ್ರಹ, ಕ್ರಾಂತಿ, ಕರ್ನಲ್ ಎಲ್ಲ ಇದರ ಸುತ್ತ ಕಟ್ಟಿದ್ದು. ಪಾತ್ರಗಳ ಮೇಲೆ ಮನಸ್ಸು ನಿಲ್ಲುವುದಿಲ್ಲ ಎಂಬ ದೂರನ್ನು ಈ ಕಾರಣಕ್ಕೇ ನಾನು ಒಪ್ಪುವುದಿಲ್ಲ. ಕೊನೆಯ ಬೆಳಕಿನೊಳಗೆ ಸಿಕ್ಕ ಕನೆದಾನಿಗೆ ಅನಾಥಾಲಯದ ಆ ಪುಟ್ಟ ಟೆಟ್ಸುವೊ ಕಾಣುವ ದೃಶ್ಯವನ್ನು ನಾನು ಗಂಟಲು ಕಟ್ಟದೆ ನೋಡಿಲ್ಲ.

ಆ ಮಾಂಸದ ರಾಶಿಯೂ ಹಾಗೆಯೇ. ಸುಮ್ಮನೆ ಅಸಹ್ಯ ಹುಟ್ಟಿಸಲು ಹಾಕಿದ್ದು ಎಂದು ಬಹಳ ಜನ ಭಾವಿಸುತ್ತಾರೆ. ಅದರ ಬೀಗದ ಕೈಯನ್ನು ಸಿನಿಮಾ ಮೊದಲೇ ಕೊಟ್ಟಿರುತ್ತದೆ. ಕನೆದಾ ಮತ್ತು ಕ್ರಾಂತಿಕಾರಿ ಹುಡುಗಿ ಕೇ ಸೆರೆಯಲ್ಲಿರುವಾಗ ಒಂದು ಸಣ್ಣ ಸಂಭಾಷಣೆ ಬರುತ್ತದೆ. ಪ್ರತಿ ಜೀವಿಯೊಳಗೂ, ಅತಿ ಸಣ್ಣದರೊಳಗೂ, ಈ ಶಕ್ತಿಯ ನೆನಪು ಇದ್ದರೆ? ಏನೋ ಎಡವಟ್ಟಾಗಿ ಅಮೀಬಾದಂಥದ್ದಕ್ಕೆ ಮನುಷ್ಯನ ಬಲ ಬಂದುಬಿಟ್ಟರೆ? ಅಮೀಬಾ ಮನೆ, ಸೇತುವೆ ಕಟ್ಟುವುದಿಲ್ಲ, ಸುತ್ತ ಇದ್ದದ್ದನ್ನೆಲ್ಲ ತಿನ್ನುತ್ತದೆ ಅಷ್ಟೆ. ಕೊನೆಯಲ್ಲಿ ಟೆಟ್ಸುವೊನ ಮೈ ಮಾಡುವುದು ಅದನ್ನೇ, ಆಕಾರ ಸಮೇತ. ಸುತ್ತ ಇದ್ದವರನ್ನು, ಇದ್ದದ್ದನ್ನು ಒಳಗೆಳೆದುಕೊಳ್ಳುತ್ತದೆ. ಸೆರೆಮನೆಯ ಆ ಮಾತು ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದು ಕಿವಿ ತಪ್ಪಿದರೆ ಕ್ರೀಡಾಂಗಣದ ದೃಶ್ಯ ಬರೀ ಹಿಂಸೆಯಾಗಿ ಉಳಿಯುತ್ತದೆ.

ಹಾಗಂತ ಗೊಂದಲವೆಲ್ಲ ನೋಡುಗರದೇ ಎಂದು ನಾನು ಹೇಳುತ್ತಿಲ್ಲ. ಕಥೆಯಲ್ಲಿ ನಿಜವಾದ ತೂತುಗಳಿವೆ. ಅವು ಹೇಗಾದವು ಎಂದು ತಿಳಿಯಲು ಮೂಲ ಮಂಗಾದ ವಿಷಯ ಗೊತ್ತಿರಬೇಕು.

‘ಅಕಿರಾ’ ಮೊದಲು ಒತೊಮೊ ಅವರೇ ಬರೆದ ಮಂಗಾ, ಜಪಾನೀ ಕಾಮಿಕ್ಸ್. 1982ರ ಡಿಸೆಂಬರಿನಿಂದ 1990ರವರೆಗೆ ‘ಯಂಗ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆರು ಸಂಪುಟ, ಎರಡು ಸಾವಿರಕ್ಕೂ ಹೆಚ್ಚು ಪುಟ. ವರ್ಷಗಳನ್ನು ಗಮನಿಸಿ: ಸಿನಿಮಾ ತೆರೆಕಂಡಾಗ ಮಂಗಾ ಮುಗಿದೇ ಇರಲಿಲ್ಲ. ಮುಗಿಯದ ಕಥೆಗೆ ಸಿನಿಮಾದಲ್ಲಿ ಕೊನೆ ಕಟ್ಟಬೇಕಾಯಿತು, ಅದೂ ಎರಡು ಗಂಟೆಯೊಳಗೆ. ಮಂಗಾದಲ್ಲಿ ಅಕಿರಾ ಜೀವಂತವಾಗಿದ್ದಾನೆ, ಮಾತೇ ಆಡದ ಪುಟ್ಟ ಹುಡುಗ. ನಿಯೊ ಟೋಕಿಯೊ ನಾಶವಾಗುವುದು ಮಂಗಾದ ನಡುಭಾಗದಲ್ಲಿ. ಆ ಅವಶೇಷಗಳ ಮೇಲೆ ಟೆಟ್ಸುವೊ ಅಕಿರಾನನ್ನು ಮುಂದಿಟ್ಟುಕೊಂಡು ಒಂದು ಸಾಮ್ರಾಜ್ಯವನ್ನೇ ಕಟ್ಟುತ್ತಾನೆ. ಮಿಯಾಕೊ ಎಂಬ ವೃದ್ಧೆ ಅಲ್ಲಿ ಹಸಿದವರಿಗೆ, ಗಾಯಗೊಂಡವರಿಗೆ ಆಸರೆ ಕೊಡುವ ದೊಡ್ಡ ಪಾತ್ರ. ಸಿನಿಮಾದಲ್ಲಿ ಅದು ಬೀದಿಯಲ್ಲಿ ಪ್ರಳಯ ಸಾರುತ್ತ ಸ್ವಲ್ಪ ಹೊತ್ತು ಕಂಡು ಮರೆಯಾಗುತ್ತದೆ. ಕ್ರಾಂತಿಕಾರಿಗಳಿಗೆ ನೆರವಾಗುವ ರಾಜಕಾರಣಿ ನೆಜು ಎಲ್ಲಿಂದ ಬಂದ, ಏನು ಬಯಸಿದ್ದ ಎಂದು ಹಿಡಿಯುವಷ್ಟರಲ್ಲಿ ಓಣಿಯೊಂದರಲ್ಲಿ ಸತ್ತು ಬೀಳುತ್ತಾನೆ. ಇವು ತೂತುಗಳೇ. ಬಣ್ಣವಾಗಲಿ ಆಕಾರವಾಗಲಿ ಇವನ್ನು ಮುಚ್ಚುವುದಿಲ್ಲ. ರಾಜಕೀಯದ ಎಳೆ ತಲೆಬುಡ ಹತ್ತಲಿಲ್ಲ ಎನ್ನುವವರು ಸರಿಯಾಗೇ ನೋಡಿದ್ದಾರೆ.

1988ರ ಜಪಾನೀ ಪ್ರೇಕ್ಷಕರಿಗೆ ಇದು ಇಷ್ಟು ತೊಡಕಾಗಿರಲಾರದು. ಯಾಕೆ ಎಂಬುದಕ್ಕೆ ಮಾವನ ನಾಟಕವನ್ನೇ ನೋಡಬಹುದು. ಮಂಡ್ಯ ಸೀಮೆಯಲ್ಲಿ ಊರೂರಿನಲ್ಲೂ ‘ಕುರುಕ್ಷೇತ್ರ’ ಆಡುತ್ತಾರೆ. ದುಡ್ಡು ಕೊಟ್ಟು ಪಾರ್ಟು ಹಿಡಿದು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಹಾಡು ಕಲಿತು, ಸೀನರಿ ತರಿಸಿ, ರಾತ್ರಿಯಿಡೀ ಆಡುತ್ತಾರೆ. ಕೃಷ್ಣನ ಪಾರ್ಟನ್ನೇ ಇಬ್ಬರು ಮೂವರು ಹಂಚಿಕೊಂಡಿರುತ್ತಾರೆ. ನಡುರಾತ್ರಿ ಬೇರೊಬ್ಬ ಕೃಷ್ಣ ಬಂದು ನಿಂತರೂ ಎದುರಿಗೆ ಕೂತವರಲ್ಲಿ ಒಬ್ಬರಿಗೂ ಗೊಂದಲವಾಗುವುದಿಲ್ಲ. ಕರ್ಣ ಯಾರ ಮಗ, ದ್ರೌಪದಿಯ ಮುಡಿ ಯಾಕೆ ಬಿಚ್ಚಿದೆ ಎಂದು ಯಾರೂ ವಿವರಿಸುವುದಿಲ್ಲ, ಜನಕ್ಕೆ ಕಥೆ ಮನೆಯಲ್ಲೇ ಗೊತ್ತು. ಅವರು ಬಂದಿರುವುದು ಗೊತ್ತಿರುವ ಕಥೆಯನ್ನು ಇವರು ಹೇಗೆ ಆಡುತ್ತಾರೆ, ಹೇಗೆ ಹಾಡುತ್ತಾರೆ ಎಂದು ನೋಡಲು. ಮಹಾಭಾರತದ ಕಥೆಯನ್ನೇ ಕೇಳದ ಒಬ್ಬರನ್ನು ಅಲ್ಲಿ ಕೂರಿಸಿದರೆ ಉಡುಪು ಭರ್ಜರಿ, ಹಾಡು ಭರ್ಜರಿ, ಕಥೆ ಮಾತ್ರ ತಿಳಿಯಲಿಲ್ಲ ಅಂದಾರು. ‘ಅಕಿರಾ’ ಬಂದಾಗ ಮಂಗಾ ಐದಾರು ವರ್ಷಗಳಿಂದ ಓದುಗರ ಕೈಯಲ್ಲಿತ್ತು. ಮಂಗಾ ಓದಿ ಬಂದವರು ಕಾಯುತ್ತಿದ್ದದ್ದು ಆ ಕಪ್ಪು ಬಿಳುಪು ಪುಟಗಳು ಬಣ್ಣದಲ್ಲಿ ಓಡುವುದನ್ನು ನೋಡಲು. ನಾವು ಕಥೆ ಗೊತ್ತಿಲ್ಲದೆ ಬಂದು ಕೂತವರು.

ಮಂಗಾ ಒಂದೇ ಅಲ್ಲ, ಜಪಾನೀಯರಿಗೆ ಹೇಳದೆಯೇ ತಿಳಿಯುವ ಸಂಗತಿ ಇನ್ನೂ ಇವೆ. ಕನೆದಾನ ಮೊದಲ ಹೆಸರು ಶೊತಾರೊ. ಪ್ರಯೋಗಾಲಯದಲ್ಲಿ ಅಕಿರಾನ ನಂಬರು 28. ಇವೆರಡೂ ಮಿತ್ಸುತೆರು ಯೊಕೊಯಾಮಾ 1956ರಲ್ಲಿ ಶುರುಮಾಡಿದ ‘ತೆತ್ಸುಜಿನ್ 28’ ಎಂಬ ಮಂಗಾದಿಂದ ಬಂದವು. ಅದರಲ್ಲಿ 28 ಎಂಬುದು ಎರಡನೇ ಮಹಾಯುದ್ಧಕ್ಕೆಂದು ಸೈನ್ಯ ತಯಾರಿಸಿದ ರಾಕ್ಷಸ ಯಂತ್ರ, ಅದನ್ನು ನಡೆಸುವ ಹುಡುಗ ಶೊತಾರೊ ಕನೆದಾ. ಆ ಮಂಗಾ ಓದಿ ಬೆಳೆದ ತಲೆಮಾರಿಗೆ ಒತೊಮೊ ಮಾಡಿದ ಬದಲಾವಣೆ ಕೂಡಲೇ ಹೊಳೆಯುತ್ತದೆ: ಅಲ್ಲಿ ಆಯುಧವಾಗಿದ್ದದ್ದು ಯಂತ್ರ, ಇಲ್ಲಿ ಮಗುವನ್ನೇ ಆಯುಧ ಮಾಡಿದ್ದಾರೆ. ಅಂಗೈಯಲ್ಲಿ ನಂಬರು ಬರೆಸಿಕೊಂಡ ಆ ಮಕ್ಕಳನ್ನು ಈ ಕಣ್ಣಿನಿಂದ ನೋಡಿದರೆ ಸಿನಿಮಾದ ಸಿಟ್ಟು ಎತ್ತ ತಿರುಗಿದೆ ಎಂದು ತಿಳಿಯುತ್ತದೆ.

ಊರನ್ನು ನುಂಗುವ ಬಿಳಿ ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ. ಒತೊಮೊ ಹುಟ್ಟಿದ್ದು 1954ರಲ್ಲಿ, ಬಾಂಬಿನ ನೆನಪನ್ನು ಮನೆಯಲ್ಲಿ, ಶಾಲೆಯಲ್ಲಿ ಕೇಳುತ್ತ ಬೆಳೆದ ಪೀಳಿಗೆ. ಬೀದಿಯಲ್ಲಿ ಹೆಲ್ಮೆಟ್ ಹಾಕಿದ ಪ್ರತಿಭಟನಾಕಾರರು, ಅಶ್ರುವಾಯು, ಗುರಾಣಿ ಹಿಡಿದ ಪೊಲೀಸರು 1960ರ ದಶಕದ ಜಪಾನೀ ವಿದ್ಯಾರ್ಥಿ ಚಳವಳಿಯ ಚಿತ್ರಗಳು. ಬೈಕ್ ಗ್ಯಾಂಗುಗಳೂ ಕಲ್ಪನೆಯಲ್ಲ. 1970–80ರ ದಶಕದ ಜಪಾನಿನಲ್ಲಿ ರಾತ್ರಿ ಹೊತ್ತು ಸದ್ದು ಮಾಡುತ್ತ ಹೋಗುವ ಅಂಥ ಹುಡುಗರ ಗುಂಪುಗಳು ದೊಡ್ಡ ಸಾಮಾಜಿಕ ಸಮಸ್ಯೆಯಾಗಿದ್ದವು. ಇನ್ನು ಒಲಿಂಪಿಕ್ಸ್. ಯುದ್ಧದ ಬೂದಿಯಿಂದ ಎದ್ದಿದ್ದೇವೆ ಎಂದು ಜಪಾನ್ ಲೋಕಕ್ಕೆ ತೋರಿಸಿದ್ದು 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ. ಸಿನಿಮಾದಲ್ಲಿ 2020ರ ಒಲಿಂಪಿಕ್ಸಿಗೆ ಕ್ರೀಡಾಂಗಣ ಏಳುತ್ತಿದೆ, ಅದರ ಬುಡದಲ್ಲೇ ಊರನ್ನು ಸುಟ್ಟ ಮಗುವನ್ನು ಹೂತಿಟ್ಟಿದ್ದಾರೆ. ಮೇಲೆ ಹೊಸ ವೈಭವ, ಅದರ ತಳದಲ್ಲಿ ಮುಚ್ಚಿಟ್ಟ ಪಾಪ. ನಿಜವಾದ ಟೋಕಿಯೊ ಒಲಿಂಪಿಕ್ಸ್ ಕೂಡ 2020ಕ್ಕೇ ನಿಗದಿಯಾಗಿ, ಕೋವಿಡ್‌ನಿಂದ 2021ಕ್ಕೆ ಹೋಯಿತು. ಸಿನಿಮಾದಲ್ಲಿ ಒಲಿಂಪಿಕ್ಸಿಗೆ 147 ದಿನ ಉಳಿದಿದೆ ಎನ್ನುವ ಬೋರ್ಡಿನ ಬಳಿ ‘ನಿಲ್ಲಿಸಿ’ ಎಂದು ಬರೆದಿರುವುದನ್ನು ಆಗ ಜನ ಭವಿಷ್ಯವಾಣಿಯಂತೆ ಹಂಚಿಕೊಂಡರು. ಕಾಕತಾಳೀಯ ಸ್ವಾರಸ್ಯವಾದದ್ದೇ, ಆದರೆ ಈ ಸಿನಿಮಾದ ಬೆಲೆ ಇರುವುದು ಅಲ್ಲಲ್ಲ. ಅದು ಮುಂದಿನದನ್ನು ಊಹಿಸಲು ಹೊರಟದ್ದಲ್ಲ, ಹಿಂದಾದದ್ದನ್ನು ಮರೆಯಬೇಡಿ ಎಂದು ಹಟ ಹಿಡಿದದ್ದು.

ಯಾವ ರೂಪದಲ್ಲಿ ನೋಡಿದಿರಿ ಎಂಬುದೂ ಅಭಿಪ್ರಾಯವನ್ನು ಬದಲಿಸುತ್ತದೆ. ಇಂಗ್ಲಿಷಿನಲ್ಲೇ ಎರಡು ಡಬ್ಬಿಂಗ್ ಇವೆ, 1989ರದೊಂದು, 2001ರದೊಂದು; ಮಾತುಗಳು ಒಂದೇ ಅಲ್ಲ. ಒಂದನ್ನು ನೋಡಿದವರು, ಇನ್ನೊಂದನ್ನು ನೋಡಿದವರು, ಜಪಾನೀ ಮಾತಿಗೆ ಸಬ್‌ಟೈಟಲ್ ಹಾಕಿ ನೋಡಿದವರು ಕಥೆ ಎಷ್ಟು ತಿಳಿಯಿತು ಎಂದು ಜಗಳವಾಡುವಾಗ ಅವರು ಪೂರ್ತಿ ಒಂದೇ ಸಿನಿಮಾ ನೋಡಿರುವುದಿಲ್ಲ. 2020ರಲ್ಲಿ ಹೊಸದಾಗಿ ಶುದ್ಧಗೊಳಿಸಿದ 4ಕೆ ಪ್ರತಿ ಬಂದಿದೆ, ಸಿಕ್ಕರೆ ಅದನ್ನೇ ನೋಡಿ. ನಮ್ಮಲ್ಲಿ ಇನ್ನೊಂದು ತೊಡಕಿದೆ. 1990ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೋಗ್ಲಿಯನ್ನು ನೋಡಿ ಬೆಳೆದವರಿಗೆ, ಅದೂ ಜಪಾನಿನಲ್ಲೇ ತಯಾರಾದದ್ದು, ಬರೆದ ಚಿತ್ರ ಅಂದರೆ ಮಕ್ಕಳದು. ಆ ನಿರೀಕ್ಷೆಯಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಅಕಿರಾ’ ಹಾಕಿದರೆ ಹತ್ತು ನಿಮಿಷದಲ್ಲಿ ಗಾಬರಿಯಾಗುತ್ತದೆ. ರಕ್ತ, ಕ್ರೌರ್ಯ, ಹೆಣ್ಣಿನ ಮೇಲಿನ ಹಲ್ಲೆ ಎಲ್ಲ ಇದೆ. ಇದು ದೊಡ್ಡವರ ಸಿನಿಮಾ.

ಎಂಜಿನಿಯರಿಂಗ್ ಓದುವ ಹುಡುಗಿಯ ಸಿಟ್ಟಿಗೂ ಕಾರಣ ಅದೇ. ಟೆಟ್ಸುವೊನ ಗೆಳತಿ ಕಾವೊರಿ ಎಂಬ ಹುಡುಗಿ ಇದ್ದಾಳೆ. ಅವನ ಜೊತೆ ಬೈಕಿನಲ್ಲಿ ಹೋದಾಗ ಎದುರು ಗ್ಯಾಂಗಿನವರು ಅವಳ ಬಟ್ಟೆ ಹರಿದು ಹೊಡೆಯುತ್ತಾರೆ. ಕೊನೆಯಲ್ಲಿ ಅವನನ್ನು ಹುಡುಕಿ ಕ್ರೀಡಾಂಗಣಕ್ಕೆ ಬರುತ್ತಾಳೆ, ಊದುವ ಅವನ ಮೈಯೊಳಗೆ ಸಿಕ್ಕಿ ನಜ್ಜುಗುಜ್ಜಾಗಿ ಸಾಯುತ್ತಾಳೆ. ಇವೆರಡರ ನಡುವೆ ಅವಳಿಗೆ ತನ್ನದೆಂಬ ಒಂದು ಆಸೆ, ಒಂದು ಗಟ್ಟಿ ಮಾತು ಕೊಟ್ಟಿಲ್ಲ. ಚಿತ್ರಕಲೆ ಮೇಷ್ಟ್ರು ಸಮರ್ಥಿಸಲು ನೋಡಿದರು: ಟೆಟ್ಸುವೊನ ಶಕ್ತಿ ಅವನು ಪ್ರೀತಿಸಿದವರನ್ನೇ ತಿನ್ನುತ್ತದೆ ಎಂದು ತೋರಿಸಲು ಅದು ಬೇಕಿತ್ತು ಎಂದರು. ಅವಳು ಬಿಡಲಿಲ್ಲ. ‘ಅದನ್ನ ತೋರಿಸ್ಲಿ ಸಾರ್. ಆದ್ರೆ ಸಾಯೋಕೆ ಮುಂಚೆ ಅವಳು ಯಾರು ಅಂತನೂ ತೋರಿಸ್ಬೇಕಲ್ವಾ? ಬೈಕಿನ ಟೈರ್ ಹೊಗೆಗೆ ಕೊಟ್ಟಷ್ಟು ಗಮನ ಅವಳಿಗೆ ಕೊಟ್ಟಿಲ್ಲ.’

ನಾನು ಪೂರ್ತಿ ಅವಳ ಪಕ್ಷ. ಮಂಗಾ ಉದ್ದ, ಸಮಯ ಸಾಲದು, ಇತಿಹಾಸ ಗೊತ್ತಿರಬೇಕು ಎಂಬ ಯಾವ ವಿವರಣೆಯೂ ಇಲ್ಲಿ ನಡೆಯುವುದಿಲ್ಲ. ಆ ಮಟ್ಟದ ಕಲಾವಿದರು, ಅಷ್ಟು ಹಾಳೆ, ಅಷ್ಟು ಬಣ್ಣ ಕೈಯಲ್ಲಿದ್ದಾಗ ಅವಳಿಗೆ ಒಂದು ದೃಶ್ಯ ಮೀಸಲಿಡಲು ಸಾಧ್ಯವಿತ್ತು. ಕೇ ಧೈರ್ಯದ ಹುಡುಗಿ, ನಿಜ. ಆದರೆ ಮುಖ್ಯ ಘಟ್ಟಗಳಲ್ಲಿ ಅವಳೂ ಪ್ರಯೋಗಾಲಯದ ಮಕ್ಕಳ ಬಾಯಾಗಿ ಮಾತಾಡುತ್ತಾಳೆ, ತನ್ನದಾಗಿ ಅಲ್ಲ. ಈ ಸಿನಿಮಾವನ್ನು ನಾನು ಬಹಳ ಪ್ರೀತಿಸುತ್ತೇನೆ. ಪ್ರೀತಿಸುವವರು ಈ ಲೋಪವನ್ನು ಬೇರೆಯವರಿಗಿಂತ ಮೊದಲು ಹೇಳಬೇಕು ಅನ್ನಿಸುತ್ತದೆ.

ಇನ್ನು ನೋಡಲು ಹೊರಟವರಿಗೆ. ಮೊದಲ ಸಲ ಕರ್ನಲ್, ರಾಜಕಾರಣಿ, ಕ್ರಾಂತಿಕಾರಿಗಳ ಲೆಕ್ಕಾಚಾರ ಬಿಟ್ಟುಬಿಡಿ. ಕನೆದಾ ಮತ್ತು ಟೆಟ್ಸುವೊ ಇಬ್ಬರನ್ನೇ ಹಿಂಬಾಲಿಸಿ, ಕೆಂಪು ಬಣ್ಣ ಯಾರಿಂದ ಯಾರಿಗೆ ಹೋಗುತ್ತದೆ ನೋಡಿ, ಸೆರೆಮನೆಯ ಆ ಮಾತು ಬಂದಾಗ ಸಬ್‌ಟೈಟಲನ್ನು ಗಮನವಿಟ್ಟು ಓದಿ. ಸ್ವಲ್ಪ ದಿನ ಬಿಟ್ಟು ಮಂಗಾ ಓದಿ, ಇಂಗ್ಲಿಷಿನಲ್ಲಿ ಆರೂ ಸಂಪುಟ ಸಿಗುತ್ತವೆ. ಸಿನಿಮಾದಲ್ಲಿ ಕಂಡು ಮರೆಯಾದ ಮಿಯಾಕೊಳೂ, ಜೀವಂತ ಅಕಿರಾನೂ ಅಲ್ಲಿದ್ದಾರೆ. ಆಮೇಲೆ ಸಿನಿಮಾವನ್ನು ಇನ್ನೊಮ್ಮೆ, ಆದಷ್ಟು ದೊಡ್ಡ ಪರದೆಯಲ್ಲಿ, ಆದಷ್ಟು ಕತ್ತಲ ಕೋಣೆಯಲ್ಲಿ ಹಾಕಿ. ಮಾವನಿಗೆ ಸೊಸೆ ಮೊದಲ ಸಂಪುಟದ ಪುಟಗಳನ್ನು ತಿರುವಿ ಕಥೆ ಹೇಳುತ್ತಿದ್ದಾಳೆ. ಟೆಟ್ಸುವೊನ ಮೇಲೆ ಅವರಿಗೆ ಈಗ ಕನಿಕರ ಹೆಚ್ಚಿದೆ, ಕರ್ನಲ್‌ನ ಮೇಲೆ ಅನುಮಾನ.